ಬಿಳಿ ಬೆಕ್ಕಿನ ಎಡಗಿವಿ

ಕಲೆಗಾಗಿ ಮನುಷ್ಯ ಏನೆಲ್ಲವನ್ನು ತ್ಯಾಗ ಮಾಡಬೇಕಾಗುತ್ತದೆ ಎಂಬುದನ್ನು ಕಲೆಯ ಗಂಧವಿಲ್ಲದವರು ಅರಿಯಲಾರರು. ನಾನು ತ್ಯಾಗ ಮಾಡಿದ್ದು ಒಂದು ಖಾಕಿ ಪ್ಯಾಂಟಿನ ಎರಡು ಮೊಣಕಾಲುಗಳನ್ನು. ಬೆಕ್ಕಿನ ಫೋಟೋ ತೆಗೆಯುವವನು ಬೆಕ್ಕಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಗ್ರೀಸಿನ ದ್ವೀಪದ ಹಳ್ಳಿಯಲ್ಲಿ ಆ ಮಟ್ಟದಲ್ಲಿ ಇರುವುದು ಬರೀ ಕಲ್ಲು. ಅರವತ್ತು ದಾಟಿದ ಗೃಹಸ್ಥನೊಬ್ಬ ಮಟಮಟ ಮಧ್ಯಾಹ್ನ ಪರದೇಶದ ಓಣಿಯಲ್ಲಿ ಹೊಟ್ಟೆಯ ಮೇಲೆ ತೆವಳುತ್ತಿದ್ದರೆ, ಅವನ ಹೆಂಡತಿಯಾದವಳು ಪಕ್ಕದಲ್ಲಿ ನಿಂತು ದಾರಿಹೋಕರಿಗೆ "ಹೀ ಈಸ್ ಓಕೆ, ಹೀ ಈಸ್ ಓಕೆ" ಎಂದು ಹೇಳುತ್ತಿರಬೇಕಾಗುತ್ತದೆ. ನನ್ನ ಹೆಂಡತಿ ಮೂರು ವರ್ಷ ಹೇಳಿದಳು.

ನಾವಿರುವುದು ಡಬ್ಲಿನ್‌ನಲ್ಲಿ, ಐರ್ಲೆಂಡಿನದಲ್ಲ, ಕ್ಯಾಲಿಫೋರ್ನಿಯಾದ್ದು. ಇಲ್ಲಿ ಬೀದಿ ಬೆಕ್ಕುಗಳಿಲ್ಲ. ಬೆಕ್ಕು ಬೀದಿಪಾಲಾಗಲು ಬೇಕಾದ ಬೀದಿಯೇ ಇಲ್ಲ. ಇರುವುದು ಎದುರುಬದುರು ಗ್ಯಾರೇಜಿನ ಬಾಗಿಲುಗಳು, ನಡುವೆ ಒಂದಿಷ್ಟು ಡಾಂಬರು. ಇಲ್ಲಿಯ ಬೆಕ್ಕುಗಳು ಕಿಟಕಿಯ ಗಾಜಿನ ಹಿಂದೆ ಕೂತು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರ ಹಾಗೆ ಹೊರಗೆ ನೋಡುತ್ತವೆ. ಇಪ್ಪತ್ತೆರಡು ವರ್ಷ ಸೇತುವೆ ದಾಟಿ ಸ್ಯಾನ್ ಮಟಿಯೋದ ಆಫೀಸಿಗೆ ಹೋಗಿ ಬಂದ ನಾನು ನಿವೃತ್ತನಾದಾಗ ಸಹೋದ್ಯೋಗಿಗಳು ಒಂದು ಕ್ಯಾಮೆರಾ ಕೊಟ್ಟರು. ಗಡಿಯಾರ ಕೊಡುವ ಕಾಲ ಹೋಗಿತ್ತು. ಗಡಿಯಾರವಾಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ.

ಗ್ರೀಸಿಗೆ ಮೊದಲ ಸಲ ಹೋದದ್ದು ಹೆಂಡತಿಗೆ ಸಮುದ್ರದಲ್ಲಿ ಕಾಲಾಡಿಸಬೇಕೆಂಬ ಆಸೆಯಿದ್ದುದರಿಂದ. ಮನೆಯಿಂದ ಒಂದು ಗಂಟೆಯ ದಾರಿಯಲ್ಲೇ ಪೆಸಿಫಿಕ್ ಇದೆ, ನಿಜ. ಆದರೆ ಅದರಲ್ಲಿ ಕಾಲಿಟ್ಟರೆ ಮಂಡಿಯವರೆಗೆ ಜೋಮು ಹಿಡಿಯುತ್ತದೆ. ಆಮೇಲೆ ಆ ಕಾಲು ನಮ್ಮದೇ ಎಂದು ನಂಬಲು ಅರ್ಧ ಗಂಟೆ ಬೇಕು. ಹಾಗಾಗಿ ಏಳು ಸಾವಿರ ಮೈಲಿ ಹಾರಿ, ಅಲ್ಲಿಂದ ದೋಣಿ ಹತ್ತಿ, ಒಂದು ಚಿಕ್ಕ ದ್ವೀಪದ ಚಿಕ್ಕ ಹಳ್ಳಿಗೆ ಹೋದೆವು. ಸುಣ್ಣ ಬಳಿದ ಮನೆಗಳು, ನೀಲಿ ಬಾಗಿಲುಗಳು, ಕಣ್ಣು ಕೋರೈಸುವ ಬಿಸಿಲು, ಮೆಟ್ಟಿಲಿಗೊಂದರಂತೆ ಬೆಕ್ಕು. ಅವು ಯಾರವೂ ಅಲ್ಲ, ಎಲ್ಲರವೂ ಹೌದು. ಹೋಟೆಲಿನ ಕುರ್ಚಿಗಳಲ್ಲಿ ಗಿರಾಕಿಗಳಂತೆ ಕೂತಿರುತ್ತಿದ್ದವು. ನಾವು ಬೇರೆ ಕುರ್ಚಿ ನೋಡಿಕೊಳ್ಳಬೇಕಿತ್ತು.

ಊರಿನವರು ಬೆಕ್ಕನ್ನು "ಪ್ಸಿ ಪ್ಸಿ ಪ್ಸಿ" ಎಂದು ಕರೆಯುತ್ತಾರೆ. ನನ್ನ ಹೆಂಡತಿ ಹಾಸನದವಳು. ಅವಳು "ಬಾರೇ ಮರಿ, ಬಾ ಬಾ" ಎನ್ನುತ್ತಿದ್ದಳು. ಬೆಕ್ಕುಗಳು ಅವಳ ಹತ್ತಿರವೇ ಬರುತ್ತಿದ್ದವು. ಮೀನಿನ ವಾಸನೆ ಕೂಡ ಆಗದ ಆ ಹೆಂಗಸು ಅವುಗಳಿಗೆ ತಟ್ಟೆಯಲ್ಲಿ ಮೊಸರು ಹಾಕುತ್ತಿದ್ದಳು. "ಇಷ್ಟು ಗಟ್ಟಿ ಮೊಸರು ನಮ್ಮ ಅಜ್ಜಿ ಮನೇಲೂ ಇರ್ಲಿಲ್ಲ ಕಣ್ರೀ. ಬೆಕ್ಕುಗಳು ಪುಣ್ಯ ಮಾಡಿವೆ" ಎನ್ನುವಳು. ಅವಳು ಕರೆಯುವುದು, ಅವು ಬರುವುದು, ನಾನು ತೆವಳಿಕೊಂಡು ಹೋಗಿ ಗುಂಡಿ ಒತ್ತುವುದು. ಹೆಸರು ಮಾತ್ರ ನನ್ನದು.

ಹಾಗೆ ಬಂದವುಗಳಲ್ಲಿ ಒಂದು ಬಿಳಿ ಬೆಕ್ಕು. ಬೇಕರಿಯ ಮೆಟ್ಟಿಲ ಮೇಲೆ ಕೂರುತ್ತಿತ್ತು. ಆ ಮೆಟ್ಟಿಲಿಗೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಮೈಮೇಲೆ ಒಂದೇ ಒಂದು ಬೇರೆ ಬಣ್ಣದ ಕೂದಲಿಲ್ಲ. ಕಣ್ಣು ಮಾತ್ರ ಹಳದಿ. ಬಿಳಿ ಗೋಡೆಯ ಮುಂದೆ ಬಿಳಿ ಬೆಕ್ಕನ್ನು ತೆಗೆಯುವುದು ಫೋಟೋಗ್ರಾಫರನ ಅಗ್ನಿಪರೀಕ್ಷೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಎರಡನ್ನೂ ಬೂದಿ ಬಣ್ಣ ಮಾಡುತ್ತದೆ. ಬೆಳಕು ಒಂದು ಚೂರು ಹೆಚ್ಚಾದರೆ ಬೆಕ್ಕೂ ಇಲ್ಲ, ಗೋಡೆಯೂ ಇಲ್ಲ, ಎರಡು ಕಣ್ಣು ತೇಲುತ್ತಿರುತ್ತವೆ. ಬಿಸಿಲು ಅದರ ಬೆನ್ನ ಹಿಂದಿನಿಂದ ಬಂದಾಗ ಕಿವಿಗಳು ಒಳಗಿನಿಂದ ದೀಪ ಹಚ್ಚಿದಂತೆ ನಸುಗೆಂಪಾಗಿ ಹೊಳೆಯುತ್ತಿದ್ದವು. ಆ ಕಿವಿಗಳಿಗಾಗಿ ನಾನು ನಾಲ್ಕು ದಿನ ಬಿಸಿಲು ಕಾದೆ.

ಎಡಗಿವಿಯ ತುದಿಯಲ್ಲಿ ಒಂದು ಸಣ್ಣ ಕೆಂಪು ಹಕ್ಕಳೆ ಇತ್ತು.

"ರೀ, ಇವಳ ಕಿವಿಗೆ ಏನೋ ಆಗಿದೆ ನೋಡಿ" ಎಂದಳು ಹೆಂಡತಿ.

"ಜಗಳ ಆಡಿರತ್ತೆ ಬಿಡೇ. ಸ್ವಲ್ಪ ಆ ಕಡೆ ಸರಿ, ನಿನ್ನ ನೆರಳು ಬೀಳ್ತಿದೆ ಅದರ ಮೇಲೆ."

ಅವಳು ಸರಿದಳು. ಸಂಜೆ ತನ್ನ ಚೀಲದಿಂದ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ, ಅರಿಸಿನದ ಪೊಟ್ಟಣ ತೆಗೆದು, ಕಲಸಿ, ಕಿವಿಗೆ ಹಚ್ಚಿದಳು. ಬೆಕ್ಕು ಸುಮ್ಮನೆ ಹಚ್ಚಿಸಿಕೊಂಡಿತು. ಮಾರನೆಯ ದಿನದ ಫೋಟೋಗಳಲ್ಲಿ ಎಡಗಿವಿ ಹಳದಿಯಾಗಿ ಬಂದು ನನಗೆ ಬಹಳ ಬೇಸರವಾಯಿತು.

ಇಲ್ಲಿ ನಮ್ಮ ಕ್ಯಾಲೆಂಡರಿನ ವಿಷಯ ಹೇಳಬೇಕು. ಊರಿನ ಕ್ಯಾಲೆಂಡರು ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ. ಅಲ್ಲಿ ಇವತ್ತು ಬೆಳಿಗ್ಗೆ ಇರುವ ತಿಥಿ ಇಲ್ಲಿ ನಿನ್ನೆ ರಾತ್ರಿಯೇ ಬಂದಿರುತ್ತದೆ. ಹೋದ ದಶಕದಲ್ಲಿ ಒಂದು ವರ್ಷ ಡಬ್ಲಿನ್‌ನ ಅರ್ಧ ಕನ್ನಡಿಗರು ಒಂದು ದಿನ, ಉಳಿದರ್ಧ ಮರುದಿನ ಗಣೇಶನನ್ನು ಕೂರಿಸಿ, ಒಬ್ಬರ ಮನೆಯ ಕಡುಬಿಗೆ ಇನ್ನೊಬ್ಬರು ಹೋಗಲಾರದಂಥ ಪರಿಸ್ಥಿತಿ ಉಂಟಾಗಿತ್ತು. ಅಂದಿನಿಂದ ನಮ್ಮ ಅರವತ್ತು ಮನೆಗಳ ಗುಂಪು ತನ್ನದೇ ಕ್ಯಾಲೆಂಡರು ಮಾಡಿಸುತ್ತದೆ. ಹೇವರ್ಡಿನ ಗೋದಾಮುಗಳ ನಡುವಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚು. ತಿಥಿ ಲೆಕ್ಕ ಹಾಕುವವರು ಮಂಡ್ಯ ಕಡೆಯ ಒಬ್ಬ ಹಿರಿಯರು. ಚಿತ್ರಗಳನ್ನು ಕೊಡುವವನು ನಾನು. ಕೆಂಪು ಸೇತುವೆ, ಎತ್ತರದ ಮರ, ಮಂಜು ಎಲ್ಲ ಮುಗಿದಿದ್ದವು. ಆ ವರ್ಷ ಬೆಕ್ಕುಗಳನ್ನು ಹಾಕೋಣ ಎಂದೆ.

ಹಿರಿಯರು ಕಾಫಿ ಲೋಟ ಕೆಳಗಿಟ್ಟರು.

"ಅಲ್ಲ ಸ್ವಾಮಿ, ಬೆಕ್ಕು ಅಡ್ಡ ಬಂದ್ರೆ ಐದ್ ನಿಮಿಸ ಕುಂತು ಎದ್ದೋಯ್ತೀವಿ. ಅದು ಒಂದ್ ತಿಂಗ್ಳು ಗೋಡೆ ಮ್ಯಾಲೇ ಕುಂತಿದ್ರೆ ನಾವು ಎಷ್ಟೊತ್ತು ಕುಂತ್ಕಬೇಕು?"

ಚರ್ಚೆ ನಡೆಯಿತು. ಒಂದು ಇಡೀ ಭಾನುವಾರ, ಎಂಜಿನಿಯರುಗಳು, ಒಬ್ಬ ಹೃದಯದ ಡಾಕ್ಟರು, ಬೆಕ್ಕಿನ ಶಕುನವನ್ನು ಕುರಿತು ಗಂಭೀರವಾಗಿ ವಿಚಾರ ಮಾಡಿದರು. ಅಡ್ಡ ಹೋಗುತ್ತಿರುವ ಬೆಕ್ಕು ಬೇಡ, ಕೂತಿರುವುದು ಆಗಬಹುದು. ಕಪ್ಪು ಬೇಡವೇ ಬೇಡ. ಕೊನೆಗೆ ಹಿರಿಯರು ತೀರ್ಪು ಕೊಟ್ಟರು: "ಬಿಳೇದಿದ್ರೆ ಹಾಕ್ಕಳಿ, ನೋಡಕ್ಕೆ ಲಕ್ಸಣವಾಗಿರ್ತದೆ. ಆದ್ರೆ ಒಂದು. ದೇವ್ರ ಕೋಣೆ ಪಕ್ಕ ನೇತಾಕ್ತಾರೆ. ಊನ ಇರ್ಬಾರ್ದು. ಕಣ್ಣು ಕಿವಿ ಎಲ್ಲ ನೆಟ್ಟಗಿರಬೇಕು." ಮುಕ್ಕಾದ ವಿಗ್ರಹವನ್ನು ಮನೆಯಲ್ಲಿಡದ ಜನ ನಾವು; ಮುಕ್ಕಾದ ಬೆಕ್ಕನ್ನು ಇಡುತ್ತೇವೆಯೆ? ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಮನೆಗೆ ಬಂದು ಗ್ಯಾರೇಜಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಿವಿ ರಿಪೇರಿ ಮಾಡಿದೆ. ಬಲಗಿವಿಯ ತುದಿಯನ್ನು ಕತ್ತರಿಸಿ, ತಿರುಗಿಸಿ, ಎಡಗಿವಿಗೆ ಕೂರಿಸಿ, ಒಂದೊಂದೇ ಕೂದಲು ಹೊಂದಿಸಿದೆ. ಅರಿಸಿನದ ಹಳದಿಯನ್ನೂ ತೊಳೆದೆ. ಎರಡು ದಿನ ಹಿಡಿಯಿತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಜನವರಿಯ ಪುಟದಲ್ಲಿ ಬಿಳಿ ಬೆಕ್ಕು ಎರಡು ತುಂಬು ಕಿವಿಗಳೊಡನೆ ಅರವತ್ತು ಮನೆಗಳ ಗೋಡೆಯೇರಿತು. ಎಲ್ಲರೂ ಹೊಗಳಿದರು.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಹೋದೆವು. ಅದೇ ಮೆಟ್ಟಿಲು, ಅದೇ ಬಿಸಿಲು. ಎಡಗಿವಿಯ ಅಂಚು ಸುಟ್ಟ ಕಾಗದದಂತೆ ಮುರುಟಿತ್ತು. ಬಲಗಿವಿಯ ತುದಿಯಲ್ಲೂ ಹಕ್ಕಳೆ. ಹೆಂಡತಿ ಮತ್ತೆ ಅರಿಸಿನ ಹಚ್ಚಿದಳು. "ತುಂಬ ಜಗಳಗಂಟಿ ಇದು" ಎಂದೆ. ಡಿಸೆಂಬರಿನಲ್ಲಿ ಕಳೆದ ವರ್ಷದ ಚಿತ್ರದಿಂದ ಕಿವಿಗಳನ್ನು ತೆಗೆದು ಈ ವರ್ಷದ ಚಿತ್ರಕ್ಕೆ ಹಾಕಿದೆ. ಈ ಸಲ ಅರ್ಧ ದಿನ ಸಾಕಾಯಿತು, ಕೈ ಪಳಗಿತ್ತು. ಮೂರನೆಯ ವರ್ಷ ಎಡಗಿವಿ ಇದ್ದ ಜಾಗದಲ್ಲಿ ಒಂದು ಕೆಂಪು ಮೊಂಡು ಉಳಿದಿತ್ತು. ಬೆಕ್ಕು ಸೊರಗಿತ್ತು, ಹೆಂಡತಿ ಕರೆದರೂ ಬರದೆ ಮೆಟ್ಟಿಲಲ್ಲೇ ಕೂತಿತ್ತು. ಅವಳೇ ಅದರ ಹತ್ತಿರ ಹೋಗಿ ಕೂತಳು. "ಇಲ್ಲಿ ಡಾಕ್ಟ್ರು ಯಾರೂ ಇಲ್ವೇನ್ರೀ?" ಎಂದಳು. ವಾರಕ್ಕೊಮ್ಮೆ ದೋಣಿಯಲ್ಲಿ ಬರುತ್ತಾರಂತೆ, ವಿಚಾರಿಸೋಣ ಎಂದೆ. ಮಾರನೆಯ ದಿನ ಬೆಳಕು ಬಹಳ ಚೆನ್ನಾಗಿತ್ತು, ಮರೆತೆ. ಅದರ ಮಾರನೆಯ ದಿನ ನಾವು ಹೊರಟೆವು.

ಆ ಡಿಸೆಂಬರಿನಲ್ಲೂ ಮೊದಲ ವರ್ಷದ ಕಿವಿಗಳೇ ಹೋದವು. "ವಯಸ್ಸೇ ಆಗಲ್ಲವಲ್ರೀ ನಿಮ್ಮ ಬೆಕ್ಕಿಗೆ!" ಎಂದರು ನಮ್ಮವರು.

ಈ ವರ್ಷದ ಸಂಕ್ರಾಂತಿಗೆ ಎಳ್ಳು ಬೀರಲು ಎಲ್ಲರೂ ಒಬ್ಬರ ಮನೆಯಲ್ಲಿ ಸೇರಿದ್ದೆವು. ಆ ಮನೆಯ ಮಗಳು ಪ್ರಾಣಿವೈದ್ಯೆಯಾಗಲು ಓದುತ್ತಿದ್ದಾಳೆ, ಕೊನೆಯ ವರ್ಷ. ಇಲ್ಲೇ ಹುಟ್ಟಿದ ಹುಡುಗಿ. ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಗೋಡೆಯ ಮೇಲಿನ ಬೆಕ್ಕನ್ನು ನೋಡಿ "ಸೋ ಪ್ರೆಟಿ, ಅಂಕಲ್" ಎಂದಳು. ಕಲಾವಿದನಿಗೆ ಅಷ್ಟು ಸಾಕು. ಫೋನು ತೆಗೆದು, ರಿಪೇರಿಗೆ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಮೂರು ವರ್ಷದ್ದನ್ನೂ ಸಾಲಾಗಿ ತೋರಿಸಿದೆ. ನನ್ನ ಕೈಚಳಕ ಅವಳಿಗೆ ಗೊತ್ತಾಗಲಿ ಎಂದು ಕಿವಿಯನ್ನು ದೊಡ್ಡದು ಮಾಡಿ, ಜಗಳದಲ್ಲಿ ಆದದ್ದು ಎಂದು ತೋರಿಸಿದೆ.

ಅವಳು ಎಳ್ಳಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

"ಅಂಕಲ್, ದಿಸ್ ಈಸ್ ನಾಟ್ ಅ ಫೈಟ್. ದಿಸ್ ಈಸ್ ಕ್ಯಾನ್ಸರ್."

ಬಿಳಿ ಬೆಕ್ಕುಗಳ ಕಿವಿಗೆ ಬಿಸಿಲಿನಿಂದ ಬರುತ್ತದಂತೆ. ಮೊದಲ ಫೋಟೋದ ಹೊತ್ತಿನಲ್ಲಿ ಕಿವಿಯ ತುದಿ ಕತ್ತರಿಸಿ ತೆಗೆದಿದ್ದರೆ ಸಾಕಿತ್ತಂತೆ. ಅರ್ಧ ಕಿವಿಯ ಬೆಕ್ಕುಗಳು ಹತ್ತು ವರ್ಷ ಆರಾಮಾಗಿ ಬದುಕುತ್ತವಂತೆ. ಎರಡನೆಯ ಫೋಟೋದ ಹೊತ್ತಿಗೂ ಮಾಡಬಹುದಿತ್ತು. ಮೂರನೆಯದನ್ನು ಅವಳು ಇನ್ನೊಮ್ಮೆ ನೋಡಿ ಫೋನನ್ನು ನನ್ನ ಕೈಗೆ ಕೊಟ್ಟಳು.

ನನ್ನ ಹೆಂಡತಿ ಹಿಂದೆಯೇ ನಿಂತಿದ್ದಳು. "ಈಗ ಹೋದ್ರೆ?" ಎಂದಳು.

"ಐ ಡೋಂಟ್ ನೋ, ಆಂಟಿ. ಮೇಬಿ. ಯಾರಾದ್ರೂ ಫೈಂಡ್ ಮಾಡ್ಬೇಕು ಫಸ್ಟ್, ಕ್ವಿಕ್ ಆಗಿ."

ಮನೆಗೆ ಬರುವ ದಾರಿಯಲ್ಲಿ, ಕಾರಿನಲ್ಲಿ, ಹೆಂಡತಿ ಒಂದೇ ಮಾತು ಆಡಿದಳು. "ಅದು ಸತ್ತೋದ್ರೆ ನಾನು ಮತ್ತೆ ಎಲ್ಲಿಗೂ ಬರಲ್ಲ ನಿಮ್ಮ ಜೊತೆ." ನಾನು ಸಿಗ್ನಲ್ಲಿನಲ್ಲಿ ನಿಂತು, ಹಸಿರು ಬಂದ ಮೇಲೂ ನಿಂತೇ ಇದ್ದೆ, ಹಿಂದಿನವನು ಹಾರನ್ ಹೊಡೆದ.

ಚಳಿಗಾಲದಲ್ಲಿ ಆ ದ್ವೀಪ ಬೀಗ ಹಾಕಿದ ಅಂಗಡಿಯಂತೆ. ಬೇಕರಿಯವರು ಅಥೆನ್ಸಿಗೆ ಹೋಗುತ್ತಾರೆ. ಹೆಂಡತಿ ಬೆಳಿಗ್ಗೆ ಏಳಕ್ಕೆ, ಅಲ್ಲಿ ಸಂಜೆ ಐದಾಗಿರುವಾಗ, ದಿನವೂ ಬೇಕರಿಗೆ ಫೋನು ಮಾಡಿದಳು. ಅದು ಖಾಲಿ ಅಂಗಡಿಯಲ್ಲಿ ಬಡಿದುಕೊಳ್ಳುತ್ತಿತ್ತು. ನಾನು ಹುಡುಕಿ ಹುಡುಕಿ, ಪಕ್ಕದ ದೊಡ್ಡ ದ್ವೀಪದಲ್ಲಿ ಬೀದಿ ಬೆಕ್ಕುಗಳಿಗೆ ಔಷಧಿ ಮಾಡಿಸುವ ಒಬ್ಬ ಹೆಂಗಸನ್ನು ಪತ್ತೆ ಮಾಡಿ ಮೇಲ್ ಬರೆದೆ. ಪುಣ್ಯಾತ್ಗಿತ್ತಿ ಮಾರನೆಯ ದಿನವೇ ಉತ್ತರ ಕೊಟ್ಟಳು. ಗಾಳಿ ಜೋರಾಗಿದೆ, ದೋಣಿ ಬಿಡುವುದಿಲ್ಲ, ಬಿಟ್ಟ ಕೂಡಲೆ ಹೋಗುತ್ತೇನೆ. ಆದರೆ ಅಲ್ಲಿ ಹದಿನೈದಿಪ್ಪತ್ತು ಬಿಳಿ ಬೆಕ್ಕುಗಳಿವೆ. ಬೇಕರಿ ಎಂದರೆ ಸಾಲದು, ಮುಚ್ಚಿದ ಅಂಗಡಿಗಳೆಲ್ಲ ಒಂದೇ ಥರ ಕಾಣುತ್ತವೆ. ಬೆಕ್ಕು ಯಾವುದು, ಜಾಗ ಯಾವುದು, ಫೋಟೋ ಕಳಿಸಿ.

ಜಾಗ! ನನ್ನ ಬಳಿ ಆ ಹಳ್ಳಿಯ ಸಾವಿರಕ್ಕೂ ಹೆಚ್ಚು ಫೋಟೋಗಳಿದ್ದವು. ಎಲ್ಲದರಲ್ಲೂ ಬೆಕ್ಕಿನ ಮೀಸೆ ಒಂದೊಂದೂ ಎಣಿಸುವ ಹಾಗೆ ಸ್ಪಷ್ಟ, ಹಿಂದಿನದೆಲ್ಲ ಬೆಣ್ಣೆ ಕರಗಿದಂತೆ ಮಸುಕು. ಆ ಮಸುಕಿಗಾಗಿಯೇ ಬೇರೆ ಲೆನ್ಸು ತಂದಿದ್ದೆ. ಮೂರು ವರ್ಷದಲ್ಲಿ ಒಂದು ಬೋರ್ಡು, ಒಂದು ಬಾಗಿಲು, ಒಂದು ತಿರುವು ಗುರುತು ಸಿಗುವಂತೆ ತೆಗೆದಿರಲಿಲ್ಲ. ಕೊನೆಗೆ ಹೆಂಡತಿ ತನ್ನ ಫೋನಿನಲ್ಲಿ ಹುಡುಕಿದಳು. ಹೊಟ್ಟೆಯ ಮೇಲೆ ಮಲಗಿದ ನನ್ನನ್ನು ಅವಳು ತಮಾಷೆಗೆಂದು ತೆಗೆದ ಒಂದು ಚಿತ್ರ: ಓರೆಯಾಗಿತ್ತು, ಅವಳ ಬೆರಳು ಒಂದು ಮೂಲೆಯಲ್ಲಿತ್ತು, ಆದರೆ ಬೇಕರಿಯ ಬೋರ್ಡು, ಮೆಟ್ಟಿಲು, ಮೂಲೆಯ ನಲ್ಲಿ ಎಲ್ಲ ಕಾಣುತ್ತಿತ್ತು. ಇಷ್ಟು ಕಾಲ ಅದನ್ನು ನೋಡಿ ನಾನು ನಗುತ್ತಿದ್ದೆ. ಅದನ್ನು ಮೇಲ್‌ಗೆ ಲಗತ್ತಿಸಿದೆ. ಜೊತೆಗೆ ಬೆಕ್ಕಿನದೂ ಒಂದು ಲಗತ್ತಿಸಿ ಕಳಿಸಿದೆ.

ಹದಿನೇಳು ದಿನಕ್ಕೆ ಉತ್ತರ ಬಂತು. ಸಂತೋಷದ ಸುದ್ದಿ ಎಂದಿದ್ದಳು. ಬೆಕ್ಕು ಸಿಕ್ಕಿದೆ, ಬೇಕರಿಯಿಂದ ಎರಡು ಓಣಿ ಆಚೆ. ಹೆಣ್ಣು, ಬಿಳಿ, ಗುಂಡಗಿದೆ. ಎರಡೂ ಕಿವಿಗಳನ್ನು ಪರೀಕ್ಷಿಸಿದೆ, ಏನೇನೂ ಆಗಿಲ್ಲ, ನಿಶ್ಚಿಂತೆಯಾಗಿರಿ. ಜೊತೆಗೆ ಚಿತ್ರ.

ಹೆಂಡತಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತಳು. "ಅರಿಸಿನ ಕೆಲಸ ಮಾಡಿದೆ ಕಣ್ರೀ! ನಮ್ಮಜ್ಜಿ ಹೇಳ್ತಿರ್ಲಿಲ್ವಾ?" ಆ ಹುಡುಗಿಗೆ ಫೋನು ಮಾಡಿ, "ನೋಡಮ್ಮ, ನಿಮ್ಮ ಪುಸ್ತಕದಲ್ಲಿ ಇಲ್ಲದ್ದೂ ಇರತ್ತೆ" ಎಂದು ಗೆಲುವಾಗಿ ಹೇಳಿದಳು. ಶಾವಿಗೆ ಪಾಯಸ ಮಾಡಿದಳು.

ನಾನು ಗ್ಯಾರೇಜಿಗೆ ಹೋಗಿ ಚಿತ್ರವನ್ನು ದೊಡ್ಡ ಪರದೆಯ ಮೇಲೆ ನೋಡಿದೆ. ಬೆಕ್ಕಿನ ಕಣ್ಣುಗಳು ಹಸಿರು, ಹಳದಿಯಲ್ಲ. ಆಮೇಲೆ ನಾನು ಕಳಿಸಿದ್ದ ಮೇಲ್ ತೆರೆದೆ. ಅಭ್ಯಾಸಬಲದಿಂದ, ಎಲ್ಲಕ್ಕಿಂತ ಚೆನ್ನಾಗಿ ಬಂದಿದೆಯೆಂದು, ಕ್ಯಾಲೆಂಡರಿನ ಬೆಕ್ಕನ್ನೇ ಕಳಿಸಿದ್ದೆ.

ಪಾಯಸಕ್ಕೆ ಕರೆದಳು. ಹೋದೆ. ಒಂದು ಬಟ್ಟಲು ತಿಂದೆ, ದ್ರಾಕ್ಷಿ ಗೋಡಂಬಿ ಎಲ್ಲ ಹಾಕಿದ್ದಳು. ತಿಂದ ಮೇಲೆ ಹೇಳಿದೆ. ಮೊದಲೇ ಹೇಳಬಹುದಿತ್ತು.

ಅವಳು ಎದ್ದಳು. ಆಮೇಲೆ ಬಟ್ಟಲುಗಳನ್ನು ಎತ್ತಿಕೊಂಡು, "ಪಾಪ, ಆ ಯಮ್ಮ ಇಲ್ದಿರೋ ಕಿವಿ ಹುಡುಕ್ಕೊಂಡು ಆ ಚಳೀಲಿ ಊರೆಲ್ಲ ತಿರುಗಿದ್ದಾಳೆ" ಎಂದಳು. ಬಯ್ಯಲಿಲ್ಲ. ಬಯ್ದಿದ್ದರೆ ಉತ್ತರ ಕೊಡುವ ಅಭ್ಯಾಸ ನನಗೆ ಚೆನ್ನಾಗಿತ್ತು.

ಅವತ್ತೇ ರಿಪೇರಿಯಾಗದ ಮೂರು ಚಿತ್ರಗಳನ್ನೂ ಕಳಿಸಿ, ತಪ್ಪೊಪ್ಪಿಕೊಂಡು ಬರೆದೆ. ಒಬ್ಬ ಗಂಡಸು ಬೆಕ್ಕಿಗೆ ಕಿವಿ ಅಂಟಿಸಿದ್ದೇಕೆ ಎಂಬುದನ್ನು ಗ್ರೀಸಿನ ಹೆಂಗಸಿಗೆ ಇಂಗ್ಲಿಷಿನಲ್ಲಿ ವಿವರಿಸುವುದು ಸುಲಭವಲ್ಲ. ಪಂಚಾಂಗ, ದೇವರ ಕೋಣೆ, ಊನ, ಎಲ್ಲ ಬರೆದು ಅಳಿಸಿದೆ. ಕೊನೆಗೆ "ಚಿತ್ರ ಚೆನ್ನಾಗಿ ಕಾಣಲೆಂದು" ಎಂದು ಬರೆದೆ. ಅದು ನಿಜವೂ ಆಗಿತ್ತು. ಮತ್ತೆ ಹೋಗುತ್ತೇನೆ ಎಂದು ಅವಳು ಒಂದು ಸಾಲು ಬರೆದಳು. ಮತ್ತೆ ಗಾಳಿ, ಮತ್ತೆ ದೋಣಿಯಿಲ್ಲ. ಹೆಂಡತಿ ನಾವೇ ಹೋಗೋಣ ಎಂದಳು. ನಾವು ಹೋದರೂ ಅದೇ ದೋಣಿಗೆ ಕಾಯಬೇಕಲ್ಲ ಎಂದೆ. ತರ್ಕದಲ್ಲಿ ನಾನು ಯಾವತ್ತೂ ಸೋತವನಲ್ಲ.

ವಿಷಯ ತಿಳಿದು ಮಂಡ್ಯದ ಹಿರಿಯರು ಒಂದು ಸಂಜೆ ಮನೆಗೆ ಬಂದರು. ಚಪ್ಪಲಿ ಬಿಟ್ಟವರು ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ತಪ್ಪು ನಂದೂ ಅದೆ ಸ್ವಾಮಿ. ಊನ ಇರ್ಬಾರ್ದು ಅಂದೋನು ನಾನೇ ಅಲ್ವರಾ."

"ನೀವು ಗೋಡೆಗೆ ಹಾಕಬೇಡಿ ಅಂದ್ರಿ ಅಷ್ಟೆ. ನೋಡಬೇಡಿ ಅನ್ಲಿಲ್ಲ" ಎಂದೆ.

"ಏನೋ ಸಾಸ್ತ್ರ ಅಂತ ಬಾಯಿಗ್ ಬಂತು, ಅಂದ್ಬುಟ್ಟೆ" ಎಂದು ಅವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಹೆಂಡತಿ ಕಾಫಿ ತಂದುಕೊಟ್ಟಳು. ಯುಗಾದಿ ಈ ವರ್ಷ ಯಾವ ದಿನ ಬೀಳುತ್ತದೆ ಎಂದು ಕೇಳಿದೆ. ಅವರು ಹೇಳಿದರು.

ಗ್ರೀಸಿನ ಹೆಂಗಸಿನ ಮೇಲ್ ಬಂದದ್ದು ಮಾರ್ಚ್ ಮೊದಲ ವಾರ, ಬೆಳಗಿನ ತಿಂಡಿಯ ಹೊತ್ತಿಗೆ. ಬೇಕರಿಯವರು ಸುಣ್ಣ ಹೊಡೆಸಲೆಂದು ಊರಿಗೆ ಮರಳಿದ್ದರು. ಅವರಿಗೆ ಚಿತ್ರಗಳನ್ನು ತೋರಿಸಿದಳಂತೆ. ಮೂರನೆಯದನ್ನು ಅವರು ಕೂಡಲೆ ಗುರುತಿಸಿದರಂತೆ. ನಾನು ಓದಿ, ಫೋನನ್ನು ಹೆಂಡತಿಯ ಕಡೆ ತಿರುಗಿಸಿದೆ. ಅವಳು ಕನ್ನಡಕ ಹುಡುಕಿ ಹಾಕಿಕೊಂಡು ಓದಿದಳು. ಬಿಳಿ ಬೆಕ್ಕು ನವೆಂಬರಿನಲ್ಲೇ ಸತ್ತಿತ್ತು.